ನೇಯ್ದ ಕೈಯ ಹೆಸರು

ದಾನೇಶ್ವರಿಗೆ ಹಾಲುಹಲ್ಲು ಬೀಳುತ್ತಿದ್ದ ವಯಸ್ಸಿನಲ್ಲಿ, ಒಂದು ಮಧ್ಯಾಹ್ನ ಅವಳ ನೆತ್ತಿಗೆ ಎಣ್ಣೆ ಒತ್ತುತ್ತ ತಾಯಿ ಶೇಖವ್ವ ಮಾತು ಕೊಟ್ಟಿದ್ದಳು: ‘ನಿನ್ನ ಕುಬಸದ ಖಣ ಅಂಗಡ್ಯಾಗ ತರೂದಿಲ್ಲ. ನನ್ನ ತವರಿನ ಮಗ್ಗದಾಗ ನಾನಽ ಕುಂತು ನೇಯ್ದು, ತಂದು ನಿನ್ನ ಉಡ್ಯಾಗ ಹಾಕ್ತೀನಿ.’ ಬಸುರಿಯಾದ ಮಗಳಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ, ರವಿಕೆಗೊಂದು ಖಣ ತಂದು ಉಡಿ ತುಂಬುವ ಕಾರ್ಯಕ್ಕೆ ಆ ಕಡೆ ಕುಬಸ ಎನ್ನುತ್ತಾರೆಂಬುದು ಹುಡುಗಿಗೆ ಆಗ ಗೊತ್ತಿರಲಿಲ್ಲ. ಯಾವ ಬಣ್ಣದ್ದು ಎಂದಷ್ಟೇ ಕೇಳಿದಳು. ಹಸಿರು, ಅಂಚಿಗೆ ಕೆಂಪು ದಡಿ, ಎಂದಳು ಶೇಖವ್ವ. ಕೆಲಸ ಮುಗಿಸಿ ಬಂದು ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದ ಅಪ್ಪ ಅಮರಪ್ಪನ ಕಿವಿಗೂ ಅದು ಬಿದ್ದಿತ್ತು. ಗಂಡಸರಿಗೆ ಸಂಬಂಧವಿಲ್ಲದ ಮಾತು ಎಂದುಕೊಂಡು ಅವನು ಕೈಕಾಲು ತೊಳೆಯಲು ಹೋಗಿದ್ದ.

ಈಗ ಪೀಣ್ಯದ ಶೆಡ್ಡಿನಲ್ಲಿ ಚಹದ ಹೊತ್ತಿಗೆ ಲೇತ್ ಆರಿಸಿ, ಕೈಯ ಎಣ್ಣೆಯನ್ನು ಹಳೆಯ ಬನಿಯನ್ನಿನ ಚೂರಿಗೆ ಒರೆಸಿ ಫೋನು ತೆರೆದರೆ ಸಾಕು, ರವಿಕೆಗಳು. ಒಂದು ಸಲ ಖಣ ಎಂದು ಹುಡುಕಿದ್ದೇ ತಪ್ಪಾಗಿ, ಸುದ್ದಿ ಓದಲು ಹೋದರೂ ರವಿಕೆ, ಹವಾಮಾನ ನೋಡಲು ಹೋದರೂ ಬೆನ್ನು ತಿರುಗಿಸಿ ನಿಂತ ಹೆಂಗಸರು. ಹೊಸದಾಗಿ ಬಂದ ಸೂಪರ್‌ವೈಸರ್ ಸಿದ್ಧಾರ್ಥ್ ಹಿಂದಿನಿಂದ ಇಣುಕಿ, ‘ಏನ್ ಅಮರಪ್ಪಣ್ಣ, ಯಾರಿಗೆ ಬ್ಲೌಸು? ನಮಗೂ ಹೇಳಿ’ ಎಂದಾಗ ಸುತ್ತಲಿನವರು ನಕ್ಕಿದ್ದರು. ಬಸುರಿ ಮಗಳ ಕುಬಸಕ್ಕೆ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಅವನು ಫೋನನ್ನು ಅಂಗಿಯ ಜೇಬಿಗೆ ಹಾಕಿ, ತಣ್ಣಗಾದ ಚಹ ಕುಡಿದು ಎದ್ದು ಹೋದ. ಹೋಗುವಾಗ ಮುಖ ಕಾದಿತ್ತು. ಇದೇ ಶೆಡ್ಡಿನ ಆಯುಧಪೂಜೆಗೆ ಶೇಖವ್ವ ಖಣದ ರವಿಕೆ ತೊಟ್ಟು ಬಂದಿದ್ದಾಗಲೂ ಹೀಗೇ ಕಾದಿತ್ತು. ಮಾಲೀಕರ ಮನೆಯವರು ಮೆತ್ತನೆಯ ಸೀರೆಗಳಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಇವಳು ದಡಿಯ ತೋಳು ಎದ್ದು ಕಾಣುವಂತೆ ಕೈಯೆತ್ತಿ ಮಶೀನಿಗೆ ಕುಂಕುಮ ಹಚ್ಚುತ್ತಿದ್ದಳು. ಮನೆಗೆ ಬಂದ ಮೇಲೆ ಅವನು, ಇಲ್ಲಿ ಇದನ್ನು ಹಾಕಿಕೊಳ್ಳಬೇಡ, ಹಳ್ಳಿಯವರು ಅಂತಾರೆ ಎಂದಿದ್ದ. ಅವಳು ಹೂಂ ಎಂದಿದ್ದಳು. ಈಗ ಫೋನಿನಲ್ಲಿ ಅದೇ ಖಣ ತೊಟ್ಟ ಹುಡುಗಿಯರು, ಮೂಗಿಗೆ ದೊಡ್ಡ ನತ್ತು, ಕೈಯಲ್ಲಿ ಕಾಫಿಯ ಲೋಟ, ಯಾವುದೋ ಗಾಜಿನ ಕಟ್ಟಡದ ಮುಂದೆ ನಿಂತು ನಗುತ್ತಿದ್ದರು. ಅವರಲ್ಲಿ ಯಾರನ್ನೂ ಯಾರೂ ಹಳ್ಳಿಯವರು ಅಂದಿರಲಿಕ್ಕಿಲ್ಲ.

ಖಣ ಮಾರುವ ಅಂಗಡಿಗಳು ಫೋನಿನಲ್ಲಿ ಲೆಕ್ಕವಿಲ್ಲದಷ್ಟಿದ್ದವು, ಎಲ್ಲವೂ ಗುಳೇದಗುಡ್ಡದವೇ, ಎಲ್ಲವೂ ಕೈಮಗ್ಗದವೇ. ಅವುಗಳಲ್ಲಿ ‘ತವರುನೂಲು’ ಎಂಬ ಒಂದರ ಮುಂದೆ ಅವನ ಬೆರಳು ನಿಂತದ್ದು ಹೆಸರಿಗಾಗಿ. ಒಬ್ಬ ಮುದುಕಿ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ಚಿತ್ರ. ಕೆಳಗೆ, ನಡುವೆ ದಲ್ಲಾಳಿಗಳಿಲ್ಲ, ನೇಯ್ದ ತಾಯಿಗೆ ನ್ಯಾಯವಾದ ಕೂಲಿ, ಪ್ರತಿ ಖಣದ ಜೊತೆಗೆ ನೇಯ್ದ ಕೈಯ ಹೆಸರು ಎಂದು ಬರೆದಿತ್ತು. ಕಡೆಯ ಸಾಲನ್ನು ಅವನು ಎರಡು ಸಲ ಓದಿಕೊಂಡ. ಶೇಖವ್ವನ ಅಪ್ಪನ ಮನೆಯಲ್ಲಿ ಎಷ್ಟೋ ಖಣ ಮಗ್ಗದಿಂದ ಇಳಿದು ಹೋಗಿದ್ದವು, ಯಾವುದರ ಮೇಲೂ ಯಾರ ಹೆಸರೂ ಇರಲಿಲ್ಲ. ಹಸಿರು, ಕೆಂಪು ದಡಿ ಆರಿಸಿ ಒತ್ತಿದ. ಜಾಲಹಳ್ಳಿಯ ಬಾಡಿಗೆ ಮನೆಗೆ ಪಾರ್ಸಲ್ ಬಂದಾಗ ಅವನು ಕೆಲಸದಲ್ಲಿದ್ದ. ಕೆಳಗಿನ ಮನೆಯ ಓನರಮ್ಮ ವಸಂತಮ್ಮ ಇಸಿದುಕೊಂಡು ಇಟ್ಟಿದ್ದರು. ಅವರೆದುರಿಗೇ ಬಿಚ್ಚಬೇಕಾಯಿತು. ಮಡಿಕೆಯೊಳಗೆ ಒಂದು ಸಣ್ಣ ಕಾರ್ಡು, ಅದರ ಮೇಲೆ ಕೈಬರಹದಲ್ಲಿ: ನೇಯ್ದವರು ಗಂಗವ್ವ. ವಸಂತಮ್ಮ ಬಟ್ಟೆ ಮುಟ್ಟಿ ನೋಡಿ, ಚೆನ್ನಾಗೈತೆ, ಆದ್ರೆ ಗಂಡಸು ಹೋಗಿ ಉಡಿ ತುಂಬಕ್ಕಾಯ್ತದಾ ಅಮರಪ್ಪಾರೇ ಎಂದು ಕೇಳಿದರು. ಅವನು ಅದನ್ನು ಯೋಚಿಸಿಯೇ ಇರಲಿಲ್ಲ. ಶೇಖವ್ವ ತೀರಿಕೊಂಡ ಮೇಲೆ ತನ್ನ ಕಡೆಯ ಹೆಂಗಸೆಂದರೆ ಯಾರೂ ಉಳಿದಿಲ್ಲ ಎಂಬುದು ಮೆಟ್ಟಿಲ ಮೇಲೆ ನಿಂತಿದ್ದಾಗ, ಪ್ಲಾಸ್ಟಿಕ್ಕಿನ ಚೀಲ ಕೈಯಲ್ಲಿದ್ದಾಗ, ಮೊದಲ ಸಲ ಸ್ಪಷ್ಟವಾಗಿ ತಿಳಿಯಿತು. ‘ನಾನ್ ಬತ್ತೀನಿ ಬುಡಿ’ ಎಂದರು ವಸಂತಮ್ಮ. ‘ನಮ್ಮಲ್ಲಿ ಸೀಮಂತ ಅಂತೀವಿ, ನಿಮ್ಮಲ್ಲಿ ಅದೇನೋ ಅಂತೀರ. ಅಕ್ಕಿ ಬೆಲ್ಲ ಎಲ್ಲಾ ಕಡೆ ಒಂದೇಯ.’

ಆ ಸಂಜೆ ಅವನು ಹೆಂಡತಿಯ ತಮ್ಮ ನೀಲಪ್ಪನಿಗೆ ಫೋನು ಮಾಡಿದ. ಗಂಗವ್ವ ಯಾರು ಎಂದು ತಿಳಿದುಕೊಳ್ಳುವುದು ನೆಪ. ನೀಲಪ್ಪ ಮಗ್ಗಗಳನ್ನು ಮಾರಿ, ಕುಣಿಗಳಿಗೆ ಮಣ್ಣು ತುಂಬಿಸಿ, ಅದೇ ಪಡಸಾಲೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ. ‘ಗುಳೇದಗುಡ್ಡದಾಗ ಗಂಗವ್ವಾ ಅಂತ ಕೂಗಿದ್ರ ಅರ್ಧಾ ಊರು ಓ ಅಂತೈತಿ ಮಾಮಾ’ ಎಂದು ನಕ್ಕ. ಹಿಂದೆ ಮಶೀನು ಕಾಗದ ಎಳೆಯುವ ಸದ್ದು ಕೇಳುತ್ತಿತ್ತು. ಮಗಳ ಕುಬಸಕ್ಕೆ ಹಸಿರು ಖಣ ತರಿಸಿದೆನೆಂದು ಅಮರಪ್ಪ ಹೇಳಿದಾಗ ಆ ಕಡೆ ಮಶೀನಿನ ಸದ್ದು ನಿಂತಿತು. ಆಮೇಲೆ ನೀಲಪ್ಪ, ಹವಾಮಾನದ ಮಾತಾಡುವವನ ಹಾಗೆ, ಅದನ್ನು ಹೇಳಿದ. ‘ಅಕ್ಕ ಕಡೀ ಪಂಚಮಿಗೆ ಬಂದಾಗ ಮಗ್ಗಕ್ಕ ಹಸಿರು ನೂಲಿನ ಹಾಸು ಹೂಡಿಸಿದ್ಲಲ್ಲ ಮಾಮಾ, ನಿಮಗ ಹೇಳಿಲ್ಲೇನು? ದಾನವ್ವನ ಖಣಕ್ಕ ಅಂತ. ಅರ್ಧಾ ಗೇಣು ನೇಯ್ದಿದ್ಲು. ಅಷ್ಟರಾಗ ನಿಮ್ಮ ಫೋನ್ ಬಂತು, ಎದ್ದು ಬಂದ್ಲು.’

‘ಆಮ್ಯಾಲೆ ಅದೇನಾತು?’

‘ಏನಾಕ್ಕೈತಿ? ಹಾಸು ಮಗ್ಗದ ಮ್ಯಾಲೆ ಹಂಗಽ ಬಿಡಾಕ ಬರತೈತೇನು? ಬ್ಯಾರೆ ಆಳು ಕುಂದರಿಸಿ ಮುಗಿಸಿದ್ವಿ. ಎಲ್ಲಾದರ ಜೋಡಿ ಅದನ್ನೂ ಸಾವಕಾರ ಒಯ್ದ.’

ಯಾರಿಗೆ ಹೋಯಿತು ಎಂದು ಅಮರಪ್ಪ ಕೇಳಿದ್ದು ತನಗೇ ಮೂರ್ಖತನವೆನ್ನಿಸಿತು. ನೀಲಪ್ಪ, ಗಿರಾಕಿ ಬಂದಾರ ಮಾಮಾ ಎಂದು ಫೋನಿಟ್ಟ.

ಆ ನಾಗರಪಂಚಮಿಯಲ್ಲಿ ಅವನು ಫೋನು ಮಾಡಿದ್ದು ಯಾಕೆ? ಮೈಯಲ್ಲಿ ಹುಷಾರಿರಲಿಲ್ಲ ಎಂದು ಈಚೆಗೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಹುಷಾರಿತ್ತು. ಹೋಟೆಲಿನ ಊಟ ಸಾಕಾಗಿತ್ತು, ಅಷ್ಟೇ. ಒಗೆಯದ ಅಂಗಿಗಳು ಬಕೆಟ್ಟಿನಲ್ಲಿ ನೆಂದು ನಾರುತ್ತಿದ್ದವು. ಎರಡು ವಾರ ಇದ್ದು ಬರುತ್ತೇನೆಂದು ಹೋದವಳಿಗೆ, ಹಬ್ಬ ಮುಗೀತಲ್ಲ, ಇನ್ನೇನು ಕೆಲಸ ಅಲ್ಲಿ, ಎಂದಿದ್ದ. ಏನು ಕೆಲಸ ಎಂದು ಅವಳು ಹೇಳಲಿಲ್ಲ. ಹೇಳಿದ್ದರೆ ಬಿಡುತ್ತಿದ್ದನೇ? ಬಿಡುತ್ತಿದ್ದೆ ಎಂದು ಮನಸ್ಸು ಹೇಳುತ್ತಿದ್ದಂತೆಯೇ, ಇಲ್ಲ, ಖಣ ಏನು ಇಲ್ಲಿ ಸಿಗೂದಿಲ್ಲೇನು ಅಂತಿದ್ದೆ, ಎಂದು ಇನ್ನೊಂದು ದನಿ ಅವನದೇ ಗಂಟಲಲ್ಲಿ ಹೇಳುತ್ತಿತ್ತು. ಬೆಳಿಗ್ಗೆ ಬಸ್ಸಿಳಿದು ಬಂದವಳು ಚೀಲ ಇಳಿಸಿ, ಸೆರಗು ಸಿಕ್ಕಿಸಿ, ಮೊದಲು ಬಕೆಟ್ಟಿಗೆ ಕೈ ಹಾಕಿದ್ದಳು. ಅವಳ ಬೆರಳುಗಳಲ್ಲಿ ಹಸಿರು ಬಣ್ಣ ಹತ್ತಿತ್ತೇ? ನೂಲಿನ ಬಣ್ಣ ಬಿಡುವುದಿಲ್ಲ, ಗೊತ್ತು. ಆದರೂ ಆ ಬೆರಳುಗಳನ್ನು ಈಗ ಕಾಣಲು ಅವನು ಎಷ್ಟು ಹೆಣಗಿದರೂ ಸೋಪಿನ ನೊರೆ ಮಾತ್ರ ಕಾಣುತ್ತಿತ್ತು. ಮುಂದಿನ ಉಗಾದಿಗೆ ಅವಳಿರಲಿಲ್ಲ. ಅರ್ಧ ಗೇಣು. ಅಷ್ಟು ಬಟ್ಟೆ ಯಾವ ಊರಿನ, ಯಾವ ಹೆಂಗಸಿನ ತೋಳಾಗಿಯೋ ಬೆನ್ನಾಗಿಯೋ ತಿರುಗಾಡುತ್ತಿರಬಹುದು. ಇಲ್ಲವೇ ಯಾವುದೋ ಗೋದಾಮಿನಲ್ಲಿ ಮಾರಾಟವಾಗದೆ ಮಡಿಸಿಕೊಂಡು ಕೂತಿರಬಹುದು. ಅವತ್ತಿನಿಂದ ಅವನು ರವಿಕೆಗಳು ಕಂಡೊಡನೆ ಫೋನು ಮುಚ್ಚುವುದನ್ನು ಬಿಟ್ಟ. ಒಂದೊಂದು ಹಸಿರು ಖಣವನ್ನೂ ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ, ಎಳೆಗಳು ಚುಕ್ಕೆಗಳಾಗಿ ಒಡೆದು ಹೋಗುವವರೆಗೆ ನೋಡುತ್ತಿದ್ದ. ಏನನ್ನು ಹುಡುಕುತ್ತಿದ್ದೇನೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಹಾಗೆ ನೋಡುತ್ತಿದ್ದಾಗಲೇ ‘ತವರುನೂಲಿ’ನ ಮುದುಕಿ ಇನ್ನೊಂದು ಅಂಗಡಿಯಲ್ಲಿ ಸಿಕ್ಕಳು. ಅದೇ ಕುಣಿ, ಅದೇ ಸುಕ್ಕು, ಅಲ್ಲಿ ಅವಳ ಹೆಸರು ಪಾರ್ವತೆವ್ವ, ಊರು ಇಳಕಲ್ಲು. ಮೂರನೆಯ ಅಂಗಡಿಯಲ್ಲಿ ಅವಳು ಯಾವುದೋ ದೂರದ ರಾಜ್ಯದವಳು, ರೇಷ್ಮೆ ನೇಯುತ್ತಿದ್ದಳು. ಮೋಸಕ್ಕೆ ಸಿಟ್ಟು ಬರಬೇಕಿತ್ತು, ಬಂದದ್ದು ನಾಚಿಕೆ, ಯಾರೋ ತನ್ನನ್ನು ಮನೆಯೊಳಗೆ ಕರೆದು ಬೇರೆ ಮನೆಯ ಹೆಂಗಸನ್ನು ಅತ್ತೆ ಎಂದು ತೋರಿಸಿ ಕಾಲು ಮುಟ್ಟಿಸಿದ ಹಾಗೆ. ಪಾರ್ಸಲ್ಲಿನ ಬಟ್ಟೆಯನ್ನು ಮತ್ತೆ ತೆಗೆದು ಬೆಳಕಿಗೆ ಹಿಡಿದ. ಎಲ್ಲ ಕಡೆ ಒಂದೇ ಸಮ. ಒಂದೇ ಸಮ ಎಂಬುದು ಅವನಿಗೆ ಅಪರಿಚಿತವಲ್ಲ. ದಿನವಿಡೀ ಲೇತಿನಿಂದ ಅವನು ತೆಗೆಯುವ, ಮಶೀನಿನ ಅಚ್ಚಿಗೆ ತೊಡಿಸುವ ಬುಶ್ಶುಗಳೂ ಹಾಗೇ, ಒಂದರ ಮುಖ ಇನ್ನೊಂದಕ್ಕೆ. ಆಮೇಲೆ ಅವುಗಳ ಮೇಲೆ ಬೇರೊಂದು ಕಂಪನಿಯ ಹೆಸರು ಒತ್ತುತ್ತಾರೆ, ಅಲ್ಲಿಂದ ಅವು ಬೇರೆ ಊರಿನ ಮಾಲಾಗಿ ಹೋಗುತ್ತವೆ. ಅದನ್ನು ಅವನು ಯಾವತ್ತೂ ಸುಳ್ಳು ಎಂದುಕೊಂಡಿರಲಿಲ್ಲ. ಯಾರ ಹೆಸರಾದರೇನು, ತಿರುಗಿದರೆ ಸಾಕು. ಆದರೆ ಇದು ಬುಶ್ ಅಲ್ಲ. ಇದು ತಿರುಗುವ ವಸ್ತುವಲ್ಲ. ಪೊಟ್ಟಣದ ಹಿಂದೆ ದೊಡ್ಡನೆಕ್ಕುಂದಿಯ ವಿಳಾಸವಿತ್ತು. ಭಾನುವಾರ ಅವನು ಖಣವನ್ನು ಚೀಲದಲ್ಲಿಟ್ಟುಕೊಂಡು ಗೊರಗುಂಟೆಪಾಳ್ಯದಲ್ಲಿ ರಿಂಗ್ ರೋಡಿನ ಬಸ್ಸು ಹತ್ತಿದ. ಎಲ್ಲಿಂದ ಬಂತು ಎಂದು ಕೇಳಿಯೇ ಬಿಡಬೇಕು. ಹಳೆಯ ಮಾಲು, ಗುಳೇದಗುಡ್ಡದ ಸಾವಕಾರನಿಂದ ಬಂದದ್ದು, ಎಂದು ಯಾರಾದರೂ ಹೇಳಿಬಿಡಬಹುದಲ್ಲ ಎಂಬ ಆಸೆಯನ್ನು ಅವನು ಹೆಬ್ಬಾಳದ ಮೇಲ್ಸೇತುವೆಯವರೆಗೂ ತನಗೆ ತಾನೇ ಒಪ್ಪಿಕೊಂಡಿರಲಿಲ್ಲ.

ವಿಳಾಸದಲ್ಲಿ ಅಂಗಡಿಯಿರಲಿಲ್ಲ. ಕಾರ್ಖಾನೆಗಳ ಹಿಂದಿನ ಬೀದಿಯಲ್ಲಿ, ಹಿಂದೆ ದನದ ಕೊಟ್ಟಿಗೆಯಾಗಿದ್ದಿರಬಹುದಾದ ಒಂದು ತಗಡಿನ ಕೋಣೆ. ಒಳಗೆ ಬಟ್ಟೆಯ ಮೂಟೆಗಳ ನಡುವೆ ಒಬ್ಬ ಹೆಂಗಸು ನೆಲದಲ್ಲಿ ಕೂತು ಪೊಟ್ಟಣಗಳಿಗೆ ಟೇಪು ಹಚ್ಚುತ್ತಿದ್ದಳು. ಪಕ್ಕದ ರಟ್ಟಿನ ಪೆಟ್ಟಿಗೆಯಲ್ಲಿ ಹಾಸಿದ ಬಟ್ಟೆಯ ಮೇಲೆ ಅವಳ ಕೂಸು ನಿದ್ದೆ ಮಾಡುತ್ತಿತ್ತು. ಹೆಸರು ಆಶಾರಾಣಿ ಎಂದಳು. ರಿಟರ್ನ್ ಆದ್ರೆ ಇಲ್ಲಿ ತಗೊಳ್ಳಲ್ಲ ಅಣ್ಣ, ಫೋನಲ್ಲೇ ಹಾಕ್ಬೇಕು, ಎಂದು ಅವನು ಬಾಯಿ ತೆರೆಯುವ ಮೊದಲೇ ಹೇಳಿದಳು. ಅವನು ಬರುವ ದಾರಿಯಲ್ಲಿ ಜೋಡಿಸಿಕೊಂಡಿದ್ದ ಗಟ್ಟಿ ಮಾತುಗಳೆಲ್ಲ ಕೂಸನ್ನು ಕಂಡು ದನಿ ತಗ್ಗಿಸಿಕೊಂಡವು. ಗಂಗವ್ವ ಯಾರು ಎಂದು ಮೆಲ್ಲಗೆ ಕೇಳಿದ. ಆಶಾರಾಣಿ ಅವನ ಮುಖ ನೋಡಿದಳು, ಟೇಪು ಹಲ್ಲಿನಿಂದ ಕಡಿದಳು.

‘ನಮ್ಮತ್ತೆ.’

‘ನೇಯ್ತಾರೇನ್ರಿ?’

‘ಅಯ್ಯೋ, ಹೂ ಕಟ್ತಾರೆ. ಇಲ್ಲೇ ಸಂತೆ ಹತ್ರ ಕೂತ್ಕೋತಾರೆ.’ ಅವಳು ನಗಲಿಲ್ಲ, ಹೆದರಲೂ ಇಲ್ಲ. ಕಾರ್ಡು ಬರೆಯುವುದು ತಾನೇ ಎಂದಳು. ಮೊದಲು ಅತ್ತೆ, ಅಜ್ಜಿ, ದೊಡ್ಡಮ್ಮನ ಹೆಸರು ಬರೆದೆ, ಮುಗಿದ ಮೇಲೆ ಬೀದಿಯವರದ್ದು. ಮುಂಚೆ ಕಾರ್ಡಿಲ್ಲದೆ ಕಳಿಸುತ್ತಿದ್ದಾಗ ಯಾರೂ ತಿರುಗಿ ಕೊಳ್ಳುತ್ತಿರಲಿಲ್ಲವಂತೆ. ಈಗ ಆ ಅಮ್ಮನಿಗೆ ನಮಸ್ಕಾರ ಹೇಳಿ ಎಂದು ಬರೆಯುತ್ತಾರಂತೆ. ಅತ್ತೆಗೆ ಹೇಳಿದ್ದೀನಿ, ಎಂದಳು. ಮಾಲು ಎಲ್ಲಿಯದು ಎಂದದ್ದಕ್ಕೆ, ಮಾಲೀಕರ ಗೋದಾಮಿನಿಂದ ಮೂಟೆ ಬರುತ್ತದೆ, ಗೋದಾಮಿಗೆ ಎಲ್ಲಿಂದಲೋ ತನಗೆ ಗೊತ್ತಿಲ್ಲ, ಎಲ್ಲಾ ಪವರ್‌ಲೂಮಿಂದು ಅಂತ ಲಾರಿಯವರು ಮಾತಾಡಿಕೊಳ್ಳುತ್ತಾರೆ ಎಂದಳು. ‘ಕಂಪ್ಲೇಂಟ್ ಹಾಕ್ತೀರಾ ಅಣ್ಣ?’

ಅವನು ಮೂಟೆಯೊಂದರ ಮೇಲೆ ಕೂತ. ತೆರೆದಿದ್ದ ಇನ್ನೊಂದು ಮೂಟೆಯೊಳಗೆ ಹಸಿರು, ಕೆಂಪು ದಡಿ. ಅದರ ಕೆಳಗೆ ಹಸಿರು, ಕೆಂಪು ದಡಿ. ಎಷ್ಟು ಆಳಕ್ಕೆ ನೋಡಿದರೂ ಅದೇ. ಇಷ್ಟು ಹಸಿರನ್ನು ಒಟ್ಟಿಗೆ ಅವನು ಗುಳೇದಗುಡ್ಡದಲ್ಲೂ ನೋಡಿರಲಿಲ್ಲ. ಅರ್ಧ ಗೇಣು ಇದರಲ್ಲಿ ಎಲ್ಲೂ ಇಲ್ಲ. ಬಸ್ಸಿನಲ್ಲಿ ಎದೆಯೊಳಗೆ ಅಲ್ಲಾಡುತ್ತಿದ್ದ ಆಸೆ ಈಗ ನಿಂತಿತು. ಎದ್ದು ಹೋಗಬೇಕಿತ್ತು. ಗುರುವಾರ ಕುಬಸ, ಅಷ್ಟರೊಳಗೆ ಎಲ್ಲಾದರೂ ಬೇರೆ ಖಣ ತರಬಹುದು, ಅದೂ ಇಂಥದ್ದೇ ಮೂಟೆಯಿಂದ ಬಂದದ್ದಾಗಿರುತ್ತದೆ. ಆಶಾರಾಣಿಯ ಮುಂದೆ ಖಾಲಿ ಕಾರ್ಡುಗಳು ಒಪ್ಪವಾಗಿ ಜೋಡಿಸಿದ್ದವು. ಅವನ ಕಣ್ಣು ಅವುಗಳ ಮೇಲೆ ಹೋಯಿತು, ಬಂತು, ಮತ್ತೆ ಹೋಯಿತು. ನಾಲಿಗೆ ತನ್ನಷ್ಟಕ್ಕೆ ತಾನು ಹೊರಳಿದಂತೆ, ‘ಮೇಡಂ, ಇದಕ್ಕೊಂದು ಬ್ಯಾರೆ ಹೆಸರು ಬರದು ಕೊಡ್ತೀರೇನು’ ಎಂದ.

ಅವಳಿಗೆ ಅರ್ಥವಾಗಲಿಲ್ಲ. ಅವನು ಚೀಲದಿಂದ ಖಣ ತೆಗೆದು ಮುಂದಿಟ್ಟ. ಶೇಖವ್ವ ಅಂತ, ಎಂದ. ಮುಂದೆ ಗುಳೇದಗುಡ್ಡ ಅಂತ.

‘ಯಾರಣ್ಣ ಅವ್ರು?’

‘ನೇಯಾಕಿ,’ ಎಂದ. ‘ಖರೇನಽ ನೇಯಾಕಿ.’

ಆಶಾರಾಣಿ ಒಂದು ಖಾಲಿ ಕಾರ್ಡು ಎಳೆದುಕೊಂಡಳು. ಜಗಳಕ್ಕೆ ಬರ್ತಾರೆ, ದುಡ್ಡು ವಾಪಸ್ ಕೇಳಕ್ಕೆ ಬರ್ತಾರೆ, ಹೆಸರು ಬರೆಸಕ್ಕೆ ಬಂದವರು ನೀವೇ, ಎಂದು ಮೆಲ್ಲಗೆ ಅಂದು, ಶಾಲೆಯ ಹುಡುಗಿಯ ದುಂಡನೆಯ ಅಕ್ಷರದಲ್ಲಿ ನಿಧಾನವಾಗಿ ಬರೆದಳು. ಶೇಖವ್ವನ ಹೆಸರನ್ನು ಆಧಾರ್ ಕಾರ್ಡಿನಲ್ಲಿ, ಆಸ್ಪತ್ರೆಯ ಚೀಟಿಯಲ್ಲಿ, ಕಡೆಗೆ ನಗರಪಾಲಿಕೆಯ ಪ್ರಮಾಣಪತ್ರದಲ್ಲಿ ಅವನು ನೋಡಿದ್ದ. ನೇಯ್ದ ಕೆಲಸದ ಪಕ್ಕದಲ್ಲಿ ಆ ಹೆಸರನ್ನು ನೋಡಿದ್ದು ಇದೇ ಮೊದಲು, ಅದೂ ಅವಳು ಮಾಡದ ಕೆಲಸದ ಪಕ್ಕದಲ್ಲಿ. ಆಶಾರಾಣಿ ಕಾರ್ಡನ್ನು ಮಡಿಕೆಯೊಳಗೆ ಸೇರಿಸಿ ಗುಂಡುಪಿನ್ನು ಚುಚ್ಚಿ ಕೊಟ್ಟಳು. ಹೊರಗೆ ಬಂದ ಮೇಲೆ ಅವನಿಗೆ ಮೊದಲು ಅನ್ನಿಸಿದ್ದು, ಇದನ್ನು ಕೊಡುವ ಮುಂಚೆ ತೆಗೆದುಬಿಡಬೇಕು ಎಂದು. ಮನೆಯಲ್ಲಿ ಇರಲಿ, ನನಗೊಬ್ಬನಿಗೆ. ಬುಧವಾರ ರಾತ್ರಿಯಾಯಿತು, ತೆಗೆಯಲಿಲ್ಲ. ತೆಗೆದರೆ ಉಳಿಯುವುದು ಬರೀ ಬಟ್ಟೆ.

ಕುಬಸ ಮಹದೇವಪುರದಲ್ಲಿ. ಅಳಿಯ ರುದ್ರೇಶ್ ಅಪಾರ್ಟ್‌ಮೆಂಟುಗಳಿಗೆ ವೈರಿಂಗ್ ಮಾಡಿಸುವ ಮೇಸ್ತ್ರಿ; ಎರಡು ಕೋಣೆಯ ಮನೆಯ ಒಂದರಲ್ಲಿ ಹೆಂಗಸರು, ಗಂಡಸರು ಹೊರಗೆ ಓಣಿಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ. ದಾನೇಶ್ವರಿಯ ಅತ್ತೆ ಊರಿನಿಂದ ಬಂದು, ಬುತ್ತಿ ಕಟ್ಟಿಸಿ, ಹಾಡು ಹೇಳುವವರನ್ನೂ ಕರೆತಂದಿದ್ದರು. ತವರಿನ ಕಡೆಯಿಂದ ಬಂದವರು ಅಮರಪ್ಪ ಮತ್ತು ವಸಂತಮ್ಮ, ಇಬ್ಬರೇ. ಬೀಗತಿ ಕಣ್ಣಿನಿಂದಲೇ ಅದನ್ನು ಎಣಿಸಿದ್ದು ಅವನಿಗೆ ಕಂಡಿತು. ಬಾಯಿಂದ ಏನೂ ಅನ್ನಲಿಲ್ಲ, ಒಳ್ಳೆಯ ಹೆಂಗಸು. ಅವನು ತಂದದ್ದನ್ನೆಲ್ಲ ವಸಂತಮ್ಮನ ಕೈಗೆ ಕೊಟ್ಟು ಹೊಸ್ತಿಲ ಹೊರಗೆ ನಿಂತ. ಚಪ್ಪಲಿಗಳ ರಾಶಿಯ ನಡುವೆ ನಿಂತು ನೋಡಿದರೆ ಬಾಗಿಲ ಸಂದಿಯಲ್ಲಿ ಮಗಳ ಅರ್ಧ ಮುಖ, ಹಸಿರು ಬಳೆಯ ಒಂದು ಕೈ ಕಾಣುತ್ತಿತ್ತು. ಆ ಕೋಣೆಯಲ್ಲಿ ಇರಬೇಕಾದವಳ ಜಾಗ ಎಲ್ಲಿರುತ್ತಿತ್ತೆಂದು ಅವನು ಲೆಕ್ಕ ಹಾಕಿದ. ಮಗಳ ಬಲಕ್ಕೆ, ಗೋಡೆಗೆ. ಅಲ್ಲಿ ಈಗ ಯಾರದೋ ಮಗು ಕೂತು ಕಡಲೆ ತಿನ್ನುತ್ತಿತ್ತು. ಅಕ್ಕಿ ಹಾಕಿದರು, ಉತ್ತುತ್ತಿ ಹಾಕಿದರು. ಖಣ ಎತ್ತಿದ ವಸಂತಮ್ಮ ಪಿನ್ನು ಚುಚ್ಚೀತೆಂದು ತಡವಿ, ಕಾರ್ಡು ತೆಗೆದು, ಕಣ್ಣಿಗೆ ಹತ್ತಿರ ಹಿಡಿದು, ಸಿಕ್ಕಿದ್ದನ್ನೆಲ್ಲ ಗಟ್ಟಿಯಾಗಿ ಓದುವ ತಮ್ಮ ಅಭ್ಯಾಸದಂತೆ ಓದಿದರು.

‘ನೇಯ್ದವರು ಶೇಖವ್ವ, ಗುಳೇದಗುಡ್ಡ.’ ಒಂದು ಗಳಿಗೆ ಬಿಟ್ಟು, ‘ಅಯ್ಯೋ, ನಮ್ ಶೇಖಮ್ಮನಾ? ಅಂಗಾರೆ ಆವತ್ತು ಗಂಗವ್ವ ಅಂತಿತ್ತಲ್ಲ...’ ಎಂದವರು, ಬಾಗಿಲಾಚೆಯ ಅವನ ಮುಖವನ್ನು ಕಂಡರು. ಕಂಡು, ‘ನಂಗೂ ಕಣ್ಣು ಸರಿಯಾಗ್ ಕಾಣಾಕಿಲ್ಲ’ ಎಂದು ಕಾರ್ಡನ್ನು ಉಡಿಯ ಅಕ್ಕಿಯಲ್ಲಿ ಹಾಕಿದರು.

ಹಾಡು ನಿಂತಿತ್ತು. ದಾನೇಶ್ವರಿ ಕೂತಲ್ಲಿಂದಲೇ ಕತ್ತು ಚಾಚಿದಳು.

‘ಅಪ್ಪಾ, ಇದು ಅವ್ವ ನೇಯ್ದದ್ದಽ?’

ಎಲ್ಲರೂ ಅವನ ಕಡೆ ತಿರುಗಿದ್ದರು. ಇಲ್ಲ ಎನ್ನಲು ಅವನ ಬಳಿ ಮಾತಿತ್ತು, ಉಸಿರೂ ಇತ್ತು. ಓಣಿಯಲ್ಲಿ ಯಾರೋ ಬೈಕ್ ಚಾಲೂ ಮಾಡಿದರು; ಆ ಸದ್ದು ಮುಗಿಯಲೆಂದು ಕಾದ. ಮುಗಿಯಿತು. ‘ಹೂಂನವ್ವಾ,’ ಎಂದ. ‘ಕಡೀ ಪಂಚಮಿಗೆ ಹೋಗಿದ್ಲಲ್ಲ, ಆವಾಗ ಹಸಿರು ಹಾಸು ಹೂಡಿಸಿದ್ಲು.’ ಎರಡನೆಯ ಮಾತು ನಿಜವಾಗಿತ್ತು. ನಿಜದ ಬಲದಿಂದ ದನಿ ನಡುಗಲಿಲ್ಲ.

ದಾನೇಶ್ವರಿ ಖಣವನ್ನು ಮೊಣಕಾಲ ಮೇಲೆ ಹರವಿದಳು. ಅಳುತ್ತಾಳೆಂದುಕೊಂಡು ಅತ್ತೆ ಬೆನ್ನಿಗೆ ಕೈಯಿಟ್ಟರು. ಅವಳು ಅಳಲಿಲ್ಲ. ತೋರುಬೆರಳನ್ನು ದಡಿಯ ಗುಂಟ ಮೆಲ್ಲಗೆ ಸರಿಸುತ್ತ ಹೋಗಿ ಒಂದು ಕಡೆ ನಿಲ್ಲಿಸಿದಳು. ಅಲ್ಲಿ ಒಂದು ಎಳೆ ಬಿಟ್ಟು ಹೋಗಿ ಕೂದಲಿನಷ್ಟು ಸಂದಿಯಾಗಿತ್ತು, ಮಶೀನಿನಲ್ಲಿ ನೂಲು ಹರಿದಾಗ ಆಗುವಂಥದ್ದು. ಅಮರಪ್ಪ ಅದನ್ನು ನೋಡಿರಲೇ ಇಲ್ಲ.

‘ಇಲ್ನೋಡ್ರಿ ಅತ್ತೀ,’ ಎಂದಳು, ಮುಖವೆಲ್ಲ ಅರಳಿ. ‘ಎಳಿ ತಪ್ಪೈತಿ. ನಮ್ಮವ್ವ ಬಾಯಿ ಮುಚ್ಚಿ ಕೆಲಸ ಮಾಡಿದಾಕಿನಽ ಅಲ್ಲ. ಮಾತಾಡ್ಕೋತ ಮಾತಾಡ್ಕೋತ ನೇಯ್ತಿದ್ಲು, ಮಾತು ರುಚಿ ಹತ್ತಿದಲ್ಲೆ ಎಳಿ ಬಿಡ್ತಿದ್ಲು. ಅಜ್ಜ ಬೈತಿದ್ದ.’

ಹೆಂಗಸರು ಒಬ್ಬೊಬ್ಬರಾಗಿ ಬಗ್ಗಿ ಆ ಸಂದಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಯಾರ ಜೋಡಿ ಮಾತಾಡ್ತಿದ್ಲೋ ಏನೋ ಎಂದು ಒಬ್ಬಳು ನಕ್ಕಳು. ವಸಂತಮ್ಮನೂ ಮುಟ್ಟಿದರು. ಕಡೆಗೆ ದಾನೇಶ್ವರಿ, ನೀನೂ ನೋಡಬಾ ಅಪ್ಪಾ ಎಂದು ಕರೆದಳು. ಅವನು ಚಪ್ಪಲಿ ಕಳಚಿ ಒಳಗೆ ಹೋಗಿ, ಹೆಂಗಸರ ನಡುವೆ ಕುಕ್ಕರಗಾಲಲ್ಲಿ ಕೂತು, ಅವಳು ತೋರಿಸಿದಲ್ಲಿ ಬೆರಳಿಟ್ಟ. ಬೆರಳಿಗೆ ಸಂದಿ ಸಿಕ್ಕಿತು. ಬಹಳ ಹೊತ್ತು ತೆಗೆಯಲಿಲ್ಲ.

ಆ ಖಣವನ್ನು ಶೇಖವ್ವ ನೇಯ್ದಿರಲಿಲ್ಲ. ಮಗಳಿಗೆ ಕೊಟ್ಟ ಮಾತು ನಡೆಯಲಿಲ್ಲ.